ಅಂಗಡಿಯ ಮೋರೆ, ಊರಿನ ಅಭಿರುಚಿ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಪೂರ್ವಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಇಸ್ಸಾಕ್ವಾ ಎಂಬ ಊರು ಸಿಗುತ್ತದೆ. ಕಾಸ್ಟ್ಕೋ ಕಂಪನಿಯ ಕೇಂದ್ರ ಕಚೇರಿ ಈಗ ಅಲ್ಲಿದೆ. ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸದ ಕನ್ನಡಿಗರ ಮನೆಗಳೂ ಇವೆ. 1988ರಲ್ಲಿ ಊರು ಇಷ್ಟು ಬೆಳೆದಿರಲಿಲ್ಲ. ಆ ವರ್ಷ ಗಿಲ್ಮನ್ ಬುಲೆವಾರ್ಡ್ ಎಂಬ ರಸ್ತೆಯಲ್ಲಿ ಒಬ್ಬ ಜಾಗದ ಮಾಲೀಕ 6,800 ಚದರ ಅಡಿಯ ಕಟ್ಟಡವೊಂದನ್ನು ಕಟ್ಟಲು ಹೊರಟ. ಒಂದಷ್ಟು ಮಳಿಗೆ ಮಾಡಿ ಬಾಡಿಗೆಗೆ ಕೊಡುವ ಲೆಕ್ಕ. ಜಾಗ ವಾಣಿಜ್ಯ ವಲಯದಲ್ಲೇ ಇತ್ತು, ತಕರಾರಿಲ್ಲ. ತುಸು ಮಾಸಲು ಬಿಳುಪಿನ ಗಾರೆ ಗೋಡೆ, ನೀಲಿ ಲೋಹದ ಮಾಡು, ಮುಂದೆ ದೊಡ್ಡ ಗಾಜಿನ ಕಿಟಕಿಗಳು, ಹಿಂಬದಿಗೆ ಗೋದಾಮಿನ ಥರದ ಬೋಳು ಗೋಡೆ. ಊರಾಡಳಿತದ ಬೇರೆ ಬೇರೆ ವಿಭಾಗಗಳಲ್ಲಿ ಕಡತ ಸರಾಗವಾಗಿಯೇ ಸಾಗಿತು. ಸಿಕ್ಕಿಕೊಂಡಿದ್ದು ಕೊನೆಯಲ್ಲಿ, ಕಟ್ಟಡದ ಹೊರನೋಟ ಪರಿಶೀಲಿಸುವ ನಾಗರಿಕರ ಸಮಿತಿಯ ಮುಂದೆ.

ನೀಲಿ-ಬಿಳಿ ಜೋಡಿ ಸಮಿತಿಯವರಿಗೆ ಹಿಡಿಸಲಿಲ್ಲ. ಹಾಗಾದರೆ ಏನು ಹಿಡಿಸುತ್ತದೆ? ಗಿಲ್ಮನ್ ಬುಲೆವಾರ್ಡಿನಲ್ಲಿ ಮೇಲಿಂದ ಕೆಳಗೆ ಕಾರಿನಲ್ಲಿ ಓಡಾಡಿ ಬಾ, ಚೆನ್ನಾಗಿರುವುದೂ ಚೆನ್ನಾಗಿಲ್ಲದ್ದೂ ಎರಡೂ ಕಾಣಿಸುತ್ತವೆ ಎಂದು ಒಬ್ಬ ಸದಸ್ಯರು ಸಲಹೆ ಕೊಟ್ಟರು. ಮಾಲೀಕ ಹೋಗಿಬಂದ. ಗೋಡೆಯನ್ನು ಬೂದುಬಣ್ಣಕ್ಕೆ ಬದಲಿಸಿದ, ಚಪ್ಪಟೆ ಮುಂಭಾಗವನ್ನು ಅಲ್ಲಲ್ಲಿ ಒಡೆದ. ಮುಂದಿನ ಸಭೆಯಲ್ಲಿ ಮತ್ತೊಂದು ತೊಡಕು: ಆ ರಸ್ತೆಯಲ್ಲಿ ಹೋಗುವಾಗ ಒಂದು ಬಗೆಯ ಭಾವನೆ ಬರುತ್ತದಂತೆ, ಈ ಕಟ್ಟಡ ನೋಡಿದರೆ ಅದು ಬರುವುದಿಲ್ಲವಂತೆ. ಅವನು ಇನ್ನೂ ತಿದ್ದಿದ. ಸದಸ್ಯರೊಬ್ಬರು ತಾವೇ ಕಾರು ಹತ್ತಿ ಆ ರಸ್ತೆ ನೋಡಿಕೊಂಡು, ಅನಿಸಿದ್ದನ್ನು ಪಟ್ಟಿ ಮಾಡಿ ತಂದು ಸಭೆಯ ಮುಂದಿಟ್ಟರು. ಕೊನೆಗೆ ಮಾಲೀಕನಿಗೆ ಸಾಕುಸಾಕಾಯಿತು. ಹಿಂಬದಿಯನ್ನು ಬೇಕಾದರೆ ಸರಿಮಾಡುತ್ತೇನೆ, ಮುಂಭಾಗ ಇನ್ನು ಮುಟ್ಟುವುದಿಲ್ಲ, ಹೂಂ ಅಥವಾ ಉಹೂಂ ಇವತ್ತೇ ಹೇಳಿ ಎಂದ. ಸಮಿತಿ ಉಹೂಂ ಅಂದಿತು.

ಪ್ರಕರಣ ರಾಜ್ಯದ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 1993ರಲ್ಲಿ ತೀರ್ಪು ಬಂತು. ಆ ತೀರ್ಪು ಓದಲು ಸೊಗಸಾಗಿದೆ, ಏಕೆಂದರೆ ಜಾಗದ ಅಕ್ಕಪಕ್ಕದಲ್ಲಿ ನಿಜವಾಗಿ ಏನೇನಿತ್ತು ಎಂಬ ವಿವರ ಅದರಲ್ಲಿದೆ. ಪಕ್ಕದಲ್ಲಿ ಬೇರೆಡೆಯಿಂದ ಎತ್ತಿ ತಂದು ನಿಲ್ಲಿಸಿದ ವಿಕ್ಟೋರಿಯನ್ ಕಾಲದ ಮನೆ. ಎದುರಿಗೆ, ಪೆಟ್ರೋಲ್ ಬಂಕಿನ ಹಾಗೆಯೇ ಕಾಣುವ ಪೆಟ್ರೋಲ್ ಬಂಕು. ಕಣ್ಣಳತೆಯಲ್ಲಿ ಮತ್ತೆರಡು ಬಂಕು, ಒಂದು ಬ್ಯಾಂಕು, ಡಬ್ಬದಂಥದ್ದು ಎಂದು ಮೇಯರ್ ಅವರೇ ಒಪ್ಪಿಕೊಂಡಿದ್ದ ಒಂದು ಸಂಘದ ಕಟ್ಟಡ, ಗ್ಯಾರೇಜು, ತಂತಿಬೇಲಿಯೊಳಗೆ ನಾಯಿ ಓಡಾಡುವ ಪಶುವೈದ್ಯರ ಚಿಕಿತ್ಸಾಲಯ. ಇಷ್ಟರ ನಡುವೆ ಯಾವ ‘ಭಾವನೆ’ಯನ್ನು ಅವನು ಹುಡುಕಬೇಕಿತ್ತು? ‘ಹೊಂದಿಕೆಯಾಗಬೇಕು’, ‘ಸಾಮರಸ್ಯವಿರಬೇಕು’, ‘ಆಸಕ್ತಿ ಹುಟ್ಟಿಸಬೇಕು’ ಎಂದಷ್ಟೇ ಬರೆದಿಟ್ಟ ಊರಿನ ನಿಯಮದಿಂದ, ಏನು ಕಟ್ಟಿದರೆ ಒಪ್ಪಿಗೆ ಸಿಕ್ಕೀತು ಎಂಬುದು ಅರ್ಜಿದಾರನಿಗಾಗಲಿ ವಾಸ್ತುಶಿಲ್ಪಿಗಾಗಲಿ ತಿಳಿಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಈ ಪ್ರಕರಣದ ಮಟ್ಟಿಗೆ ನಿಯಮ ಅಸಾಂವಿಧಾನಿಕ. ಪರವಾನಗಿ ಕೊಡಿ ಎಂಬ ಆದೇಶವಾಯಿತು.

ಇದನ್ನು ಬೆಂಗಳೂರಿನ ಸ್ನೇಹಿತ ಎಂಜಿನಿಯರೊಬ್ಬರಿಗೆ ಹೇಳಿದಾಗ ಅವರು ನಕ್ಕರು. “ಎಲಿವೇಷನ್ ಡ್ರಾಯಿಂಗನ್ನು ಕೂತು ನೋಡುವ ಅಧಿಕಾರಿ ನಿಜವಾಗಲೂ ಇದ್ದಾನಾ ಸಾರ್?” ಅಂದರು. ನಮ್ಮಲ್ಲಿ ನಕ್ಷೆ ಮಂಜೂರಾತಿ ಎಂದರೆ ಸೆಟ್‌ಬ್ಯಾಕ್ ಎಷ್ಟು, ಎಫ್‌ಎಆರ್ ಎಷ್ಟು, ಪಾರ್ಕಿಂಗ್ ಎಲ್ಲಿ ಎಂಬಲ್ಲಿಗೆ ಮುಗಿಯಿತು. ಮುಂಭಾಗಕ್ಕೆ ಗಾಜು ಹೊದಿಸಿದರೂ ಸರಿ, ಎಸಿಪಿ ಶೀಟು ಬಡಿದರೂ ಸರಿ. ದೆಹಲಿಯಲ್ಲಿ 1973ರ ಕಾಯ್ದೆಯಡಿ ಹುಟ್ಟಿದ ನಗರ ಕಲಾ ಆಯೋಗ ಈಗಲೂ ಇದೆ. ಬೆಂಗಳೂರಿನಲ್ಲೂ ಅಂಥದ್ದೊಂದು ಇತ್ತು, ಇತ್ತೆಂಬುದನ್ನು ಜನ ಮರೆತಿದ್ದಾರೆ. ಅಂಗಡಿಯ ಮೋರೆಯ ಬಗ್ಗೆ ನಮ್ಮ ಸರ್ಕಾರ ತೀರಾ ಖಚಿತವಾಗಿ ಮಾತಾಡುವುದು ಒಂದೇ ವಿಷಯದಲ್ಲಿ: ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ. ಅದರ ಬಗ್ಗೆ ಬೇಕಾದಷ್ಟು ಜಗಳವಾಗಿದೆ. ಆದರೆ ಟೇಪು ಹಿಡಿದು ಅಳೆಯಬಹುದಾದ ನಿಯಮ ಅದು ಎಂಬುದನ್ನು ಒಪ್ಪಬೇಕು. ‘ಭಾವನೆ’ ಅಳೆಯುವ ಟೇಪು ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಸ್ವಂತ ಜಾಗದಲ್ಲಿ ಸ್ವಂತ ದುಡ್ಡಿನಿಂದ ಕಟ್ಟುವವನ ಗೋಡೆಯ ಬಣ್ಣ ಕೇಳಲು ಊರಿಗೆ ಯಾವ ಹಕ್ಕು? ಅಮೆರಿಕದ ನ್ಯಾಯಾಲಯಗಳು ಒಂದು ಕಾಲಕ್ಕೆ ಈ ಪ್ರಶ್ನೆಯನ್ನು ಮಾಲೀಕನ ಪರವಾಗಿಯೇ ಕೇಳುತ್ತಿದ್ದವು. ಆರೋಗ್ಯ, ಸುರಕ್ಷತೆ, ನೀತಿ — ಇವಕ್ಕೆ ಧಕ್ಕೆ ಬಂದರೆ ಮಾತ್ರ ಕಾನೂನು ಕೈಹಾಕಬಹುದು, ಅಂದಚಂದಕ್ಕಲ್ಲ. ಹಾಗಾಗಿ ಜಾಹೀರಾತು ಫಲಕಗಳನ್ನು ಹತೋಟಿಗೆ ತರಬೇಕಾದಾಗ ಸೇಂಟ್ ಲೂಯಿಸ್ ನಗರದ ಬೆಂಬಲಕ್ಕೆ ನಿಂತ ಮಿಸೌರಿಯ ಸರ್ವೋಚ್ಚ ನ್ಯಾಯಾಲಯ 1911ರಲ್ಲಿ ಅವು ವಿಕಾರ ಎನ್ನಲಿಲ್ಲ. ಅವುಗಳ ಹಿಂದೆ ಕಳ್ಳರು ಅಡಗುತ್ತಾರೆ, ಅನೈತಿಕ ಚಟುವಟಿಕೆ ನಡೆಯುತ್ತದೆ ಎಂದಿತು. ಕಣ್ಣಿಗೆ ಹಿಡಿಸದಿರುವುದನ್ನು ಹೇಳಲು ಕಳ್ಳರ ನೆಪ ಬೇಕಿತ್ತು. ವಲಯ ವಿಂಗಡಣೆ ಸಂವಿಧಾನಬದ್ಧ ಎಂಬುದು 1926ರ ಯೂಕ್ಲಿಡ್ ತೀರ್ಪಿನಲ್ಲಿ ಇತ್ಯರ್ಥವಾಯಿತು. ಅದಕ್ಕೂ ಒಂದು ವರ್ಷ ಮೊದಲು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಭೂಕಂಪಕ್ಕೆ ಕುಸಿದಾಗ, ಪೇಟೆಯನ್ನು ಸ್ಪ್ಯಾನಿಷ್ ಶೈಲಿಯಲ್ಲೇ ಮತ್ತೆ ಕಟ್ಟಬೇಕೆಂದು ಅಲ್ಲಿನವರು ವಾಸ್ತುಶಿಲ್ಪ ಪರಿಶೀಲನಾ ಮಂಡಳಿಯನ್ನು ಹುಟ್ಟುಹಾಕಿದ್ದರು. ಇಂದು ಪ್ರವಾಸಿಗರು ಮೆಚ್ಚುವ ಆ ಕೆಂಪು ಹಂಚು, ಬಿಳಿ ಗೋಡೆಯ ಪೇಟೆಗೆ ‘ಎಷ್ಟು ಹಳೆಯದು’ ಎನ್ನುವವರು ಇದನ್ನು ನೆನೆಯಬೇಕು. 1931ರಲ್ಲಿ ಚಾರ್ಲ್ಸ್‌ಟನ್ ಊರು ತನ್ನ ಹಳೆಯ ಭಾಗಕ್ಕೆ ಇಂಥದೇ ಮಂಡಳಿ ಮಾಡಿಕೊಂಡಿತು. ಬಾಗಿಲು ಪೂರ್ತಿ ತೆರೆದದ್ದು 1954ರ ಬರ್ಮನ್ ಪ್ರಕರಣ. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕೊಳೆಗೇರಿ ತೆರವಿನ ಹೆಸರಲ್ಲಿ ಒಂದು ಡಿಪಾರ್ಟ್‌ಮೆಂಟ್ ಸ್ಟೋರನ್ನೂ ವಶಪಡಿಸಿಕೊಳ್ಳಲು ಹೊರಟಿದ್ದರು. ನನ್ನ ಅಂಗಡಿ ಕೊಳೆಗೇರಿಯಲ್ಲವಲ್ಲ ಎಂಬುದು ಮಾಲೀಕರ ವಾದ. ಊರು ಆರೋಗ್ಯವಾಗಿರಬೇಕು ಎಂದು ಬಯಸುವಂತೆಯೇ ಚೆಂದವಾಗಿರಬೇಕು ಎಂದೂ ಶಾಸಕಾಂಗ ಬಯಸಬಹುದು ಎಂದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದರು. ಅಲ್ಲಿಂದ ಮುಂದೆ ಊರೂರಿಗೂ ಪ್ಲಾನಿಂಗ್ ಬೋರ್ಡು, ಡಿಸೈನ್ ರಿವ್ಯೂ ಬೋರ್ಡು. ಕೆಲವಕ್ಕೆ ಸಲಹೆ ಕೊಡುವಷ್ಟೇ ಬಾಯಿ, ಕೆಲವಕ್ಕೆ ಅರ್ಜಿ ತಳ್ಳಿಹಾಕುವ ಕೈ.

ವಾಣಿಜ್ಯ ಕಟ್ಟಡದ ವಿಷಯದಲ್ಲಿ ಮನೆಗಿಲ್ಲದ ಇನ್ನೊಂದು ತೊಡಕಿದೆ. ಅಂಗಡಿಗೆ ಅದರ ಮೋರೆಯೇ ಬೋರ್ಡು. 1930ರ ದಶಕದಿಂದ ಹೆದ್ದಾರಿ ಬದಿಯಲ್ಲಿ ಹೊವರ್ಡ್ ಜಾನ್ಸನ್ ಹೋಟೆಲುಗಳ ಕಿತ್ತಳೆ ಮಾಡು ಕಂಡರೆ ಹೆಸರು ಓದಬೇಕಿರಲಿಲ್ಲ. ಮೆಕ್‌ಡೊನಾಲ್ಡ್ಸ್‌ನ ಹಳದಿ ಕಮಾನುಗಳೂ ಮೊದಲು ಕಂಬದ ಮೇಲಿನ ಚಿಹ್ನೆಯಾಗಿರಲಿಲ್ಲ. 1953ರಲ್ಲಿ ಸ್ಟ್ಯಾನ್ಲಿ ಮೆಸ್ಟನ್ ಮಾಡಿದ ವಿನ್ಯಾಸದಲ್ಲಿ ಕಟ್ಟಡದ ಮಾಡನ್ನೇ ಸೀಳಿಕೊಂಡು ಮೇಲೇಳುತ್ತಿದ್ದವು. ಮಿರಿಮಿರಿ ಮಿಂಚುವ ಅದನ್ನು ಕಂಡು ಮೂಗು ಮುರಿಯುವವರು ಹೆಚ್ಚಾದಂತೆ, 1960ರ ದಶಕದ ಕೊನೆಗೆ ಕಂಪನಿ ಇಟ್ಟಿಗೆ ಗೋಡೆ, ಕಂದು ಬಣ್ಣದ ಇಳಿಜಾರು ಮಾಡಿಗೆ ಬದಲಾಯಿತು. ತಮಾಷೆಯೆಂದರೆ, ‘ಸಭ್ಯ’ವಾದ ಆ ಕಂದು ಮಾಡು ದೇಶದುದ್ದಕ್ಕೂ ಸಾವಿರಾರು ಕಡೆ ಕುಳಿತು, ಮುಂದಿನ ತಲೆಮಾರಿನ ಮಂಡಳಿಗಳಿಗೆ ಅದೇ ಏಕತಾನತೆಯ ಮಾದರಿಯಾಯಿತು. ಈಗ ಹಳೆಯ ಮೆಸ್ಟನ್ ಕಮಾನಿನ ಒಂದೊಂದು ಅಂಗಡಿಯನ್ನೂ ಪರಂಪರೆಯ ಆಸ್ತಿ ಎಂದು ಕಾಪಾಡುತ್ತಾರೆ.

ಒತ್ತಡ ಹಾಕಿ ಗೆದ್ದ ಊರುಗಳ ಕತೆಗಳೂ ಇವೆ. ಅರಿಜೋನಾದ ಸೆಡೋನಾದಲ್ಲಿ ಕೆಂಪು ಬಂಡೆಗಳ ಮುಂದೆ ಹಳದಿ ಕಣ್ಣಿಗೆ ಚುಚ್ಚುತ್ತದೆ ಎಂದದ್ದಕ್ಕೆ 1993ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಕಮಾನನ್ನು ಹಸಿರು ಬೆರೆತ ನೀಲಿಗೆ ತಿರುಗಿಸಿತು. ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನಲ್ಲಿ 1795ರ ಡೆಂಟನ್ ಮನೆಯನ್ನು ಕೆಡವಿ ಹೊಸದು ಕಟ್ಟಲು ಹೊರಟಿದ್ದ ಅದೇ ಕಂಪನಿ, ಸ್ಥಳೀಯರ ಪಟ್ಟಿಗೆ ಮಣಿದು ಮನೆಯನ್ನು ದುರಸ್ತಿ ಮಾಡಿ 1991ರಲ್ಲಿ ಅದರೊಳಗೇ ಬರ್ಗರ್ ಮಾರಲು ಕೂತಿತು. ಅಟ್ಟದ ಮೆಟ್ಟಿಲು, ಜಗಲಿ, ಬಿಳಿ ಹಲಗೆಯ ಗೋಡೆ ಎಲ್ಲ ಇದ್ದ ಹಾಗೆ. ಆದರೆ ಕಂಪನಿಗಳ ಕೈಯಲ್ಲೂ ಒಂದು ಆಯುಧವಿದೆ. ನೋಂದಾಯಿತ ವ್ಯಾಪಾರ ಚಿಹ್ನೆಯನ್ನು ಬದಲಿಸಿಕೋ ಎಂದು ರಾಜ್ಯವಾಗಲಿ ಊರಾಗಲಿ ಹೇಳುವಂತಿಲ್ಲ ಎನ್ನುತ್ತದೆ ಒಕ್ಕೂಟದ ಕಾಯ್ದೆ. ಅರಿಜೋನಾದ ಟೆಂಪಿ ನಗರಕ್ಕೂ ವಿಡಿಯೊ ಕ್ಯಾಸೆಟ್ ಅಂಗಡಿಗಳಿಗೂ ಈ ಕುರಿತು ಹತ್ತಿದ ಜಗಳದಲ್ಲಿ 1998ರ ತೀರ್ಪು ಕೂದಲು ಸೀಳಿತು: ಬೋರ್ಡಿಗೆ ಅವಕಾಶ ಕೊಟ್ಟ ಮೇಲೆ ಅದರ ಬಣ್ಣ ಬದಲಿಸು ಎನ್ನುವಂತಿಲ್ಲ, ಆದರೆ ಅಂಗಡಿಯ ಮುಂದಿನ ನೀಲಿ ಕ್ಯಾನ್ವಾಸ್ ಚಪ್ಪರವೇ ಬೇಡ ಎನ್ನಬಹುದು. ಪೂರ್ತಿ ಬೇಡ ಎನ್ನಲು ಅಡ್ಡಿಯಿಲ್ಲ, ಸ್ವಲ್ಪ ಬದಲಿಸಿ ಎನ್ನಲು ಅಡ್ಡಿ. ವಕೀಲರಿಗೆ ಮಾತ್ರ ಹೊಳೆಯುವ ತರ್ಕ.

ಕಾಗದದ ಮೇಲಿನ ಇಷ್ಟೆಲ್ಲ ಕಾನೂನು ನೆಲದ ಮೇಲೆ ಹೇಗೆ ನಡೆಯುತ್ತದೆ ಎಂದು ನೋಡಿದ್ದು ಮಸಾಚುಸೆಟ್ಸ್‌ನ ಒಂದು ಸಣ್ಣ ಊರಿನಲ್ಲಿ. ತಂಗಿಯ ಮನೆಗೆ ಹೋಗಿದ್ದಾಗ ಅವಳಿಗೊಂದು ನೋಟಿಸು ಬಂದಿತ್ತು: ಹಿಂದಿನ ಬೀದಿಯಲ್ಲಿ ಔಷಧದ ಅಂಗಡಿಯೊಂದು ಬರಲಿದೆ, 300 ಅಡಿಯೊಳಗಿನ ನೆರೆಯವರು ಬಂದು ಮಾತಾಡಬಹುದು ಎಂದು. “ಬಾ ಅಣ್ಣಾ, ಸಿನಿಮಾಕ್ಕಿಂತ ಚೆನ್ನಾಗಿರುತ್ತೆ,” ಎಂದು ಎಳೆದುಕೊಂಡು ಹೋದಳು. ಟೌನ್ ಹಾಲಿನ ನೆಲಮಾಳಿಗೆ, ಮಡಿಸುವ ಕುರ್ಚಿಗಳು, ಗೋಡೆಯ ಮೇಲೆ ಊರಿನ ಹಳೆಯ ಭೂಪಟ. ಮೇಜಿನ ಹಿಂದೆ ಐವರು ಸದಸ್ಯರು, ಒಬ್ಬರಿಗೂ ಸಂಬಳವಿಲ್ಲ. ಒಬ್ಬರು ಪ್ಲಂಬರ್, ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ, ಒಬ್ಬರೇ ವಾಸ್ತುಶಿಲ್ಪಿ. ಕಂಪನಿಯ ಕಡೆಯಿಂದ ವಕೀಲ, ಎಂಜಿನಿಯರ್, ವಾಸ್ತುಶಿಲ್ಪಿ, ಟ್ರಾಫಿಕ್ ತಜ್ಞ — ನಾಲ್ವರೂ ಗಂಟೆ ಲೆಕ್ಕದ ಜನ.

ವಾಸ್ತುಶಿಲ್ಪಿ ಒಂದು ಹಲಗೆ ತಂದಿದ್ದ. ಅದರ ಮೇಲೆ ಬೆರಳಗಲದ ಇಟ್ಟಿಗೆ ಬಿಲ್ಲೆ, ಮರದ ಹಲಗೆಯಂತೆ ಕಾಣುವ ಸಿಮೆಂಟ್ ಪಟ್ಟಿ, ಲೋಹದ ಮಾಡಿನ ಚೂರು, ಗಾಜಿನ ಎರಡು ತುಂಡು. ಸದಸ್ಯರು ಅದನ್ನು ಮದುವೆ ಸೀರೆ ಆರಿಸುವವರ ಹಾಗೆ ಕೈಯಿಂದ ಕೈಗೆ ದಾಟಿಸಿದರು. ಟ್ಯೂಬ್‌ಲೈಟಿನಡಿ ಹಿಡಿದು, ಕಿಟಕಿಯ ಬಳಿ ಹಿಡಿದು ನೋಡಿದರು. ಇಟ್ಟಿಗೆ ಬಹಳ ಕಿತ್ತಳೆಯಾಯಿತು ಎಂದರು ಶಿಕ್ಷಕಿ. ಅದರ ಮೇಲೆ ಇಪ್ಪತ್ತು ನಿಮಿಷ ಹೋಯಿತು. ರಸ್ತೆ ಕಡೆಯ ಗೋಡೆಯಲ್ಲಿ ಕಿಟಕಿ ಬೇಕೇ ಬೇಕು, ಬೋಳು ಗೋಡೆಯ ಪಕ್ಕ ನಡೆಯಲು ಜನಕ್ಕೆ ಬೇಜಾರು ಎಂದರು ಅಧ್ಯಕ್ಷರು. ಇದೆಯಲ್ಲ ಎಂದು ವಕೀಲ ಚಿತ್ರ ತೋರಿಸಿದ. ಏಳು ಕಿಟಕಿ ಸಾಲಾಗಿ ಇದ್ದವು. ಆಗ ಸಭಿಕರ ನಡುವಿನಿಂದ, ತಂಗಿಯ ಪಕ್ಕದ ಮನೆಯ ಅಜ್ಜಿ ಎದ್ದು ನಿಂತರು.

“ಆ ಕಿಟಕಿಯೊಳಗೆ ಏನು ಕಾಣುತ್ತೆ?”

ವಾಸ್ತುಶಿಲ್ಪಿ ಗಂಟಲು ಸರಿಮಾಡಿಕೊಂಡ. ಒಳಗೆ ಗೋಡೆಗೆ ಒತ್ತಿ ಔಷಧದ ಕಪಾಟುಗಳಿರುತ್ತವೆ, ಹಾಗಾಗಿ ಅದು ಸ್ಪ್ಯಾಂಡ್ರೆಲ್ ಗಾಜು, ಹಿಂಬದಿಗೆ ಬಣ್ಣ ಬಳಿದದ್ದು. ಅಂದರೆ ಹೊರಗಿನಿಂದ ಕಿಟಕಿ, ಒಳಗಿನಿಂದ ಗೋಡೆ. ಅಜ್ಜಿ ತಲೆಯಾಡಿಸಿ, “ಸರಿ, ಅದು ನಿಮ್ಮಿಷ್ಟ. ಕಸದ ಲಾರಿ ಬೆಳಗಿನ ಜಾವ ಐದಕ್ಕೆ ನನ್ನ ಮಲಗೋ ಕೋಣೆ ಪಕ್ಕ ಬರುತ್ತಾ? ಅದು ಹೇಳಿ,” ಅಂದರು. ಆ ಹೊತ್ತಿಗೆ ಹತ್ತು ಗಂಟೆಯಾಗಿತ್ತು. ವಿಷಯವನ್ನು ಮುಂದಿನ ತಿಂಗಳಿಗೆ ಹಾಕಿದರು. ವಕೀಲ ಬೇಸರ ತೋರಿಸದೆ ಡೈರಿಯಲ್ಲಿ ಬರೆದುಕೊಂಡ. ಬೇಸರ ಪಡಬೇಕಾದವನು ಬಿಲ್ಲು ಕಟ್ಟುವವನು, ಅವನು ಅಲ್ಲಿರಲಿಲ್ಲ.

ಆ ಏಳು ಕುರುಡು ಕಿಟಕಿಗಳು ಈ ಇಡೀ ಪ್ರಶ್ನೆಯ ಇನ್ನೊಂದು ತುದಿ. ಇಸ್ಸಾಕ್ವಾದಲ್ಲಿ ನಿಯಮ ಮಸುಕಾಗಿದ್ದದ್ದು ಕಾಟವಾಯಿತು. ಆ ತೀರ್ಪಿನ ಬಳಿಕ ಊರುಗಳು ಎಚ್ಚೆತ್ತು ಎಲ್ಲವನ್ನೂ ಅಂಕಿಯಲ್ಲಿ ಬರೆಯತೊಡಗಿದವು: ನೆಲಮಹಡಿಯ ಮುಂಭಾಗದಲ್ಲಿ ಶೇಕಡಾ ಇಷ್ಟು ಗಾಜು, ಇಷ್ಟು ಅಡಿಗೊಮ್ಮೆ ಗೋಡೆ ಒಳಸರಿಯಬೇಕು, ಮಾಡಿನ ಮೇಲಿನ ಎಸಿ ಯಂತ್ರ ಕಾಣದಂತೆ ಪ್ಯಾರಾಪೆಟ್, ಮೂರಕ್ಕಿಂತ ಕಡಿಮೆಯಿಲ್ಲದ ಹೊದಿಕೆ ಸಾಮಗ್ರಿ. ಕಂಪನಿಯ ವಾಸ್ತುಶಿಲ್ಪಿ ಪಟ್ಟಿ ಮುಂದಿಟ್ಟುಕೊಂಡು ಒಂದೊಂದಕ್ಕೂ ಗೀಟು ಹಾಕುತ್ತಾನೆ. ಗಾಜು ಎಂದಿದೆ, ಆಚೆ ಕಾಣಬೇಕು ಎಂದಿಲ್ಲ, ಗಾಜು ಹಾಕಿದ. ಗೋಡೆ ಒಡೆಯಬೇಕು ಎಂದಿದೆ, ನಾಲ್ಕಿಂಚು ಒಡೆದ. ಫಲವಾಗಿ ಕ್ಯಾಲಿಫೋರ್ನಿಯಾದಿಂದ ಮೇನ್‌ವರೆಗೆ ಒಂದೇ ಥರದ ‘ವೈವಿಧ್ಯ’: ಸ್ವಲ್ಪ ಇಟ್ಟಿಗೆ, ಸ್ವಲ್ಪ ಬೂದು ಪಟ್ಟಿ, ಮೂಲೆಯಲ್ಲಿ ಯಾವ ಕೆಲಸಕ್ಕೂ ಬಾರದ ಒಂದು ಗೋಪುರ. ಡಬ್ಬವೊಂದು ಡಬ್ಬವಾಗಿಯೇ ಇದ್ದಿದ್ದರೆ ನನಗೆ ಅಷ್ಟು ಕಣ್ಣುರಿ ಆಗುತ್ತಿರಲಿಲ್ಲವೇನೋ.

ಅಂಕಿಗೂ ಖರ್ಚಿದೆ. ಟೆಕ್ಸಸ್‌ನ ಅನೇಕ ಊರುಗಳು ಹೊರಗೋಡೆಯ ಬಹುಪಾಲು ಇಟ್ಟಿಗೆ ಅಥವಾ ಕಲ್ಲಿನದೇ ಆಗಿರಬೇಕು ಎಂದು ಕಡ್ಡಾಯ ಮಾಡಿದ್ದವು. ಕಟ್ಟುವವರ ದೂರು ಏರಿ, 2019ರಲ್ಲಿ ರಾಜ್ಯದ ಶಾಸನಸಭೆಯೇ ನಡುವೆ ಬಂತು: ರಾಷ್ಟ್ರೀಯ ಮಾದರಿ ಕಟ್ಟಡ ಸಂಹಿತೆ ಒಪ್ಪಿದ ಸಾಮಗ್ರಿಯನ್ನು ಯಾವ ಊರೂ ಬೇಡ ಎನ್ನುವಂತಿಲ್ಲ, ಪಾರಂಪರಿಕ ಪ್ರದೇಶಗಳಂಥ ಕೆಲವು ವಿನಾಯಿತಿ ಬಿಟ್ಟು. ಒಂದೇ ಏಟಿಗೆ ಊರುಗಳ ಬಾಯಿ ಕಟ್ಟಿತು. ಇದನ್ನು ಸುಧಾರಣೆ ಎನ್ನಲು ನನಗೆ ಮನಸ್ಸಿಲ್ಲ. ಊರಿನವರು ತಪ್ಪು ಪ್ರಶ್ನೆ ಕೇಳುತ್ತಿದ್ದರು, ನಿಜ. ಅದಕ್ಕೆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ ಹಾಗಾಯಿತು.

ವರ್ಮಾಂಟ್ ರಾಜ್ಯದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ 1970ರ ಭೂಬಳಕೆ ಕಾಯ್ದೆಯಲ್ಲಿ ಸೌಂದರ್ಯವೂ ಒಂದು ಅಳತೆ. 1985ರ ಕ್ವೀಚಿ ಪ್ರಕರಣದಲ್ಲಿ ಅದನ್ನು ಹಂತ ಹಂತವಾಗಿ ಬಿಡಿಸಿದರು. ಮೊದಲು, ಈ ಕಟ್ಟಡ ಸುತ್ತಲಿಗೆ ಹೊಂದುತ್ತದೆಯೇ? ಹೊಂದದಿದ್ದರೆ ಅಷ್ಟಕ್ಕೇ ಬಿದ್ದುಹೋಗುವುದಿಲ್ಲ. ಊರು ಮೊದಲೇ ಸ್ಪಷ್ಟವಾಗಿ ಬರೆದಿಟ್ಟ ಮಾನದಂಡವನ್ನು ಮೀರಿದೆಯೇ? ಸಾಮಾನ್ಯ ಮನುಷ್ಯನಿಗೆ ಹೇಸಿಗೆ ತರಿಸುವಷ್ಟು ಎದ್ದುಕಾಣುತ್ತದೆಯೇ? ತೊಂದರೆ ತಗ್ಗಿಸಲು ಯಾರಿಗಾದರೂ ಹೊಳೆಯುವ ಸುಲಭ ಕ್ರಮಗಳನ್ನು — ಮರ ನೆಡುವುದು, ದೀಪ ಕೆಳಕ್ಕೆ ತಿರುಗಿಸುವುದು, ಕಟ್ಟಡ ಹತ್ತು ಅಡಿ ಸರಿಸುವುದು — ಕೈಗೊಳ್ಳದೆ ಬಿಟ್ಟಿದ್ದಾನೆಯೇ? ಈ ಕೊನೆಯ ಪ್ರಶ್ನೆಯಲ್ಲಿ ಅಭಿರುಚಿಯ ಮಾತೇ ಇಲ್ಲ. ಸ್ವಲ್ಪ ತಲೆ ಓಡಿಸಿದೆಯೇನಪ್ಪಾ ಎಂದು ಕೇಳಿದ ಹಾಗಷ್ಟೇ.

ಅಭಿರುಚಿಯೇ ಮುಖ್ಯ ಎನ್ನುವವರಿಗೆ ಇನ್ನೊಂದು ಮುಜುಗರವಿದೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾಕ್ ನೇಸರ್ ಅಂಥವರು ವರ್ಷಗಟ್ಟಲೆ ಜನರಿಗೆ ಕಟ್ಟಡಗಳ ಚಿತ್ರ ತೋರಿಸಿ ಅಂಕ ಹಾಕಿಸಿದ್ದಾರೆ. ವಾಸ್ತುಶಿಲ್ಪಿಗಳು ಮೆಚ್ಚಿದ್ದನ್ನು ಸಾಮಾನ್ಯ ಜನ ಮೆಚ್ಚುವುದಿಲ್ಲ. ಜನಕ್ಕೆ ಏನು ಇಷ್ಟವಾದೀತು ಎಂದು ಊಹಿಸಲು ಹೇಳಿದರೂ ವಾಸ್ತುಶಿಲ್ಪಿಗಳು ತಪ್ಪುತ್ತಾರೆ. ಹಾಗಾದರೆ ಮಂಡಳಿಯಲ್ಲಿ ಪರಿಣತರು ಕೂತರೆ ಒಳ್ಳೆಯದೋ, ಪ್ಲಂಬರ್ ಕೂತರೆ ಒಳ್ಳೆಯದೋ? ನನ್ನ ಮತ ಪ್ಲಂಬರಿಗೆ, ಬಣ್ಣದ ಮಾತು ಎತ್ತದಿದ್ದರೆ. ಬಾಗಿಲು ರಸ್ತೆಗೆ ತೆರೆಯುತ್ತದೋ ಪಾರ್ಕಿಂಗಿಗೋ, ಕಾರುಗಳು ಕಟ್ಟಡದ ಮುಂದೆ ನಿಲ್ಲುತ್ತವೋ ಹಿಂದೋ, ದೀಪದ ಬೆಳಕು ಯಾರ ಕಿಟಕಿಗೆ ಬಡಿಯುತ್ತದೆ, ಕಸದ ತೊಟ್ಟಿ ಎಲ್ಲಿ ಎಂಬುದು ದಿನಾ ಅಲ್ಲಿ ಓಡಾಡುವವರಿಗೆ ಯಾವ ಪರಿಣತರಿಗಿಂತ ಚೆನ್ನಾಗಿ ಗೊತ್ತು. ಇಟ್ಟಿಗೆ ಎಷ್ಟು ಕಿತ್ತಳೆ ಎಂಬುದು ಯಾರಿಗೂ ಗೊತ್ತಿಲ್ಲ, ಹತ್ತು ವರ್ಷದ ಮಳೆ-ಹಿಮ ಬಿದ್ದ ಮೇಲೆ ಯಾರೂ ನೋಡುವುದೂ ಇಲ್ಲ.

ಇಸ್ಸಾಕ್ವಾ ಇರುವ ವಾಷಿಂಗ್ಟನ್ ರಾಜ್ಯ 2023ರಲ್ಲಿ ಮತ್ತೊಂದು ಹೆಜ್ಜೆ ಇಟ್ಟಿತು. ತೀರ್ಪು ಬಂದು ಮೂವತ್ತು ವರ್ಷದ ಮೇಲೆ ಅದರ ಸಾರವೇ ಕಾಯ್ದೆಯಾಯಿತು ಎನ್ನಬಹುದು: ಹೊರನೋಟದ ನಿಯಮಗಳು ಸ್ಪಷ್ಟವಾಗಿರಬೇಕು, ಅರ್ಜಿದಾರ ಓದಿದರೆ ತನ್ನ ಕಟ್ಟಡ ಪಾಸೋ ಫೇಲೋ ತಿಳಿಯಬೇಕು, ವಿನ್ಯಾಸದ ನೆಪದಲ್ಲಿ ವಲಯದ ನಿಯಮ ಕೊಟ್ಟ ಎತ್ತರ, ಗಾತ್ರ ಕತ್ತರಿಸುವಂತಿಲ್ಲ, ವಿನ್ಯಾಸ ಪರಿಶೀಲನೆಗೆಂದು ಸಾರ್ವಜನಿಕ ಸಭೆ ಒಂದೇ. ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಎಂದು ಎಳೆಯುವುದು ನಿಂತೀತು. ಮನೆಗಳ ಅಭಾವದಿಂದ ಕಂಗೆಟ್ಟ ರಾಜ್ಯಕ್ಕೆ ಈ ಅವಸರ ಅರ್ಥವಾಗುವಂಥದ್ದೇ. ಆದರೆ ಒಂದೇ ಸಭೆಯಾದರೆ ಅಜ್ಜಿಯ ಪ್ರಶ್ನೆಗೆ ಯಾವ ಹೊತ್ತಿನಲ್ಲಿ ಸರದಿ ಬಂದೀತು ಎಂಬ ಚಿಂತೆ ನನಗಿದೆ. ಆವತ್ತು ಅದು ಬಂದದ್ದು ರಾತ್ರಿ ಹತ್ತಕ್ಕೆ, ಇಟ್ಟಿಗೆಯ ಬಣ್ಣ ಇತ್ಯರ್ಥವಾಗದೆ ಎಲ್ಲರೂ ಆಕಳಿಸತೊಡಗಿದ ಮೇಲೆ.

ಎರಡು ವರ್ಷದ ನಂತರ ಮತ್ತೆ ತಂಗಿಯ ಮನೆಗೆ ಹೋದಾಗ ಅಂಗಡಿ ಎದ್ದು ನಿಂತಿತ್ತು. ಇಟ್ಟಿಗೆ ಕಡುಗೆಂಪಾಗಿತ್ತು, ಶಿಕ್ಷಕಿ ಗೆದ್ದಿದ್ದರು. ಏಳು ಕಿಟಕಿಗಳೂ ಇದ್ದವು. ಬಣ್ಣದ ಗಾಜಿನಲ್ಲಿ ನನ್ನದೇ ಮುಖ ಕಂಡಿತು. ಹಿಂದೆ ಹೋಗಿ ನೋಡಿದರೆ ಕಸದ ತೊಟ್ಟಿಗೆ ಅದೇ ಕಡುಗೆಂಪು ಇಟ್ಟಿಗೆಯ ಆವರಣ, ಮರದ ಗೇಟು, ಅಜ್ಜಿಯ ಮನೆಯಿಂದ ದೂರದ ಮೂಲೆಯಲ್ಲಿ. “ಲಾರಿ ಈಗ ಏಳು ಗಂಟೆಯ ಮೇಲೇ ಬರೋದು,” ಅಂದಳು ತಂಗಿ. “ಪರ್ಮಿಟ್ಟಿನಲ್ಲೇ ಬರೆಸಿದ್ದಾರೆ ಅಣ್ಣಾ, ಹದಿನಾಲ್ಕನೇ ಷರತ್ತು. ಅಜ್ಜಿ ಅದರ ಪ್ರತಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ.”